ಹೃದಯದ ಫೋಟೋಕ್ಕೆ ಅನ್ನ ಬಿಟ್ಟದ್ದು

ಕಲ್ಯಾಣ ಸ್ಟೇಷನ್ನಿನ ಎದುರಿನ ಹೋಟೆಲಿನ ದುಡ್ಡಿನ ಗಲ್ಲೆಯಲ್ಲಿ ಮೂವತ್ತೆಂಟು ವರ್ಷ ಕೂತ ದೇಜಪ್ಪಣ್ಣ ಒಂದು ಮಂಗಳವಾರ ಬೆಳಿಗ್ಗೆ, ಗಿರಾಕಿಯೊಬ್ಬನಿಗೆ ಕಥೆ ಹೇಳುತ್ತಿರುವಾಗಲೇ ಬಿಲ್ಲಿನ ಕಟ್ಟಿನ ಮೇಲೆ ಮುಖ ಇಟ್ಟು ಮಲಗಿಬಿಟ್ಟರು. ನೆರೆ ಬಂದ ವರ್ಷ ಒಂದು ಎಮ್ಮೆ ಕಲ್ಯಾಣದಲ್ಲಿ ಲೋಕಲ್ ಟ್ರೈನು ಹತ್ತಿ ಠಾಣೆಯಲ್ಲಿ ಇಳಿದ ಕಥೆ ಅದು. ಎಮ್ಮೆ ಇನ್ನೂ ಮುಂಬ್ರಾ ದಾಟಿರಲಿಲ್ಲ. ಇದೂ ಕಥೆಯ ಭಾಗವೇ ಇರಬೇಕೆಂದು ಗಿರಾಕಿ ಸ್ವಲ್ಪ ಕಾದ. ಸೋಂಪಿನ ಕಾಳು ಬಾಯಿಗೆ ಹಾಕಿಕೊಂಡು "ಫಿರ್ ಕ್ಯಾ ಹುವಾ, ಶೇಠ್?" ಎಂದು ಕೇಳಿದ. ಶೇಠ್ ಏಳಲಿಲ್ಲ. ಆಗ ಗಲಾಟೆಯಾಯಿತು.

ಮುಖಕ್ಕೆ ನೀರು ಹಾಕಿದಾಗ ಎಚ್ಚರವಾದ ದೇಜಪ್ಪಣ್ಣ ಮೊದಲು ಕೇಳಿದ್ದು, "ಎಮ್ಮೆ ಎಲ್ಲಿವರೆಗೆ ಬಂದಿತ್ತು?"

ಮನೆ ಡೊಂಬಿವಲಿ ಪೂರ್ವದಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಾಳಿಗೆಯಲ್ಲಿ. ಹೆಂಡತಿ ಲೋಲಾಕ್ಷಿ, ಘಣಸೋಲಿಯಲ್ಲಿ ಕೊರಿಯರ್ ಆಫೀಸಿಗೆ ಹೋಗುವ ಮಗ ದಯಾನಂದ, ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆ ಪ್ರಫುಲ್ಲಾ, ಎಂಟನೇ ಕ್ಲಾಸಿನ ಮೊಮ್ಮಗಳು ಮಾನಸಿ. ಎರಡು ಕೋಣೆಯಲ್ಲಿ ಐದು ಜನ, ಐದು ಅಭಿಪ್ರಾಯ.

"ಗ್ಯಾಸ್ ಮಾರಾಯ," ಎಂದರು ದೇಜಪ್ಪಣ್ಣ ಮಗನಿಗೆ. "ನಿನ್ನೆ ವಡೆ ತಿಂದದ್ದು."

"ಗ್ಯಾಸಿಗೆ ಜನ ಮೂರ್ಛೆ ಹೋಗುದಾ ಅಪ್ಪ?"

"ನನ್ನ ಗ್ಯಾಸ್ ಹಾಗಿನದ್ದು."

ಅದೇ ವಾರ ಡೊಂಬಿವಲಿ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ಮತ್ತೊಮ್ಮೆ ಬಿದ್ದರು. ಮೂರು ಸಾವಿರ ಜನ ನಿಂತು ನೋಡಿದರು, ಎರಡು ಫಾಸ್ಟ್ ಲೋಕಲ್ ಲೇಟಾದವು ಎಂದು ದೇಜಪ್ಪಣ್ಣ ಹೇಳುತ್ತಾರೆ. ನೋಡಿದ್ದು ನಾಲ್ಕು ಜನ ಮತ್ತು ಒಬ್ಬಳು ಮೆಂತೆಸೊಪ್ಪು ಮಾರುವವಳು. ಅವಳೇ ಅವರ ಮೊಬೈಲಿನಿಂದ ಮನೆಗೆ ಫೋನು ಮಾಡಿದಳು. ಅಲ್ಲಿಗೆ ಗ್ಯಾಸಿನ ಮಾತು ಮುಗಿಯಿತು.

ನವಿ ಮುಂಬಯಿಯ ದೊಡ್ಡ ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ಎದೆಗೆ ತಣ್ಣನೆ ಅಂಟು ಹಚ್ಚಿ ಎಕೋ ಮಾಡಿದರು, ಆಮೇಲೆ ಎಂಆರ್‌ಐ ಕೊಳವೆಯೊಳಗೆ ತಳ್ಳಿದರು. ಒಳಗಿನಿಂದ ಸ್ಪೀಕರು "ಉಸಿರು ಕಟ್ಟಿ, ಉಸಿರು ಬಿಡಿ" ಎಂದು ಹಿಂದಿಯಲ್ಲಿ ಹೇಳುತ್ತಿತ್ತು. ಆ ಕೊಳವೆ ಕೊಂಕಣ ರೈಲ್ವೆಯ ಸುರಂಗಕ್ಕಿಂತ ಉದ್ದ, ನಡುವೆ ರತ್ನಾಗಿರಿ ಸ್ಟೇಷನ್ ಕೂಡ ಸಿಕ್ಕಿತು ಎಂದು ದೇಜಪ್ಪಣ್ಣ ಹೊರಗೆ ಬಂದು ವರದಿ ಮಾಡಿದರು.

ಹೃದಯದ ಡಾಕ್ಟರು ನಿಕಿತಾ ಅವರು ಠಾಣೆಯ ವರ್ತಕ ನಗರದಲ್ಲಿ ಹುಟ್ಟಿ ಬೆಳೆದವರು. ಅಪ್ಪ ಅಮ್ಮ ಕಾರ್ಕಳದ ಕಡೆಯವರಾದ್ದರಿಂದ ಮನೆಮಾತು ಚೆನ್ನಾಗಿ ಬರುತ್ತಿತ್ತು. ಸಿಟ್ಟು ಬಂದರೆ ಮಾತ್ರ ಹಿಂದಿ.

"ಅಂಕಲ್, ಹಾರ್ಟಿನ ಗೋಡೆಯಲ್ಲಿ ಕಲೆ ಕಾಣ್ತಾ ಉಂಟು," ಎಂದರು ಅವರು ಕಂಪ್ಯೂಟರಿನಲ್ಲಿ ತೋರಿಸುತ್ತಾ. "ಬ್ಲಾಕೇಜ್ ಅಲ್ಲ. ಲಕ್ಷದಲ್ಲಿ ಯಾರಿಗೋ ಬರುವ ಒಂದು ಕಾಯಿಲೆ ಅಂತ ನನಗೆ ಡೌಟ್."

ದೇಜಪ್ಪಣ್ಣನ ಮುಖ ಅರಳಿತು. "ಲಕ್ಷದಲ್ಲಿ ಒಬ್ಬನಿಗಾ?"

"ಖುಷಿಪಡುವ ವಿಷಯ ಅಲ್ಲ. ಇನ್ನೊಮ್ಮೆ ಹಾರ್ಟ್ ತಾಳ ತಪ್ಪಿದರೆ ನೀವು ಎದ್ದು ಕೂತು ಎಮ್ಮೆಯ ಕಥೆ ಮುಗಿಸ್ಲಿಕ್ಕಿಲ್ಲ." ಎಮ್ಮೆಯ ಕಥೆ ಅವರಿಗೂ ಹೇಳಿಯಾಗಿತ್ತು. "ಕಾಯಿಲೆ ಅದೇ ಹೌದಾ ಅಂತ ಗೊತ್ತಾಗದೆ ಮದ್ದು ಶುರು ಮಾಡ್ಲಿಕ್ಕೆ ಆಗುದಿಲ್ಲ. ಪೆಟ್ ಸ್ಕ್ಯಾನ್ ಬೇಕು. ಅದಕ್ಕೆ ಹಿಂದಿನ ದಿನ ಇಡೀ ಅನ್ನ ಬಿಡ್ಬೇಕು."

"ಅನ್ನವಾ?" ಎಂದು ಲೋಲಾಕ್ಷಿ ಎದ್ದು ನಿಂತರು.

"ಕೂತ್ಕೊಳ್ಳಿ ಆಂಟಿ. ಒಳ್ಳೆ ಹಾರ್ಟ್ ಸಕ್ಕರೆಯನ್ನೂ ತಿಂತದೆ, ಕೊಬ್ಬನ್ನೂ ತಿಂತದೆ. ಅನ್ನ ಸಕ್ಕರೆ ಪೂರಾ ನಿಲ್ಲಿಸಿದರೆ ಅದು ಕೊಬ್ಬು ತಿಂದು ಸುಮ್ಮನೆ ಕೂರ್ತದೆ. ಕಾಯಿಲೆಯ ಜಾಗ ಮಾತ್ರ ಸಕ್ಕರೆಗೆ ಬಾಯಿ ಬಿಡ್ತದೆ. ಆಗ ನಾವು ಸಕ್ಕರೆಯಂಥ ಇಂಜೆಕ್ಷನ್ ಕೊಡುದು. ಅದು ಎಲ್ಲಿ ಹೋಗಿ ಕೂರ್ತದೋ ಅಲ್ಲಿ ಫೋಟೋದಲ್ಲಿ ಬೆಳಕು ಕಾಣ್ತದೆ. ಅನ್ನ ಉಂಡು ಬಂದರೆ ಇಡೀ ಹಾರ್ಟೇ ಬೆಳಗ್ತದೆ. ಮತ್ತೆ ಕಾಯಿಲೆಯನ್ನು ಎಲ್ಲಿ ಹುಡುಕುದು?"

ಮನೆಯಲ್ಲಿ ಮಾನಸಿ ಆಸ್ಪತ್ರೆಯವರು ಕೊಟ್ಟ ಇಂಗ್ಲಿಷಿನ ಚೀಟಿ ಓದಿದಳು. ಅನ್ನ ಇಲ್ಲ, ಚಪಾತಿ ಇಲ್ಲ, ಹಾಲು ಇಲ್ಲ, ಹಣ್ಣು ಇಲ್ಲ. "ಲೇಕಿನ್ ಅಜ್ಜ, ಫಿಶ್ ಚಲೇಗಾ. ಚಿಕನ್ ಚಲೇಗಾ. ಅಂಡಾ, ಘೀ, ಸಬ್ ಚಲೇಗಾ."

"ಇದು ಕಾಯಿಲೆಯಾ, ಮದುವೆಯಾ?" ಎಂದರು ದೇಜಪ್ಪಣ್ಣ.

"ಸಂಜೆ ಏಳರ ಮೇಲೆ ಓನ್ಲಿ ಪಾನಿ. ಔರ್ ಫಿಶ್ ಕೋ ಕೋಟಿಂಗ್ ನಹೀ."

"ಇನ್ನೊಮ್ಮೆ ಓದು," ಎಂದಳು ಪ್ರಫುಲ್ಲಾ. ಅಡಿಗೆಯ ಜವಾಬ್ದಾರಿ ಅವಳದ್ದು, ಅದಕ್ಕಾಗಿ ಬ್ಯಾಂಕಿಗೆ ರಜೆ ಹಾಕಿದ್ದಳು. "ರವೆ ಇಲ್ಲ, ಅಕ್ಕಿ ಹಿಟ್ಟು ಇಲ್ಲ. ಎಲ್ಲರೂ ಕೇಳಿದ್ರಲ್ಲ?"

ಬೆಳಿಗ್ಗೆ ತುಪ್ಪದಲ್ಲಿ ನಾಲ್ಕು ಮೊಟ್ಟೆ. ಮಧ್ಯಾಹ್ನ ಬರೀ ಮೆಣಸಿನ ಪುಡಿ, ಅರಿಶಿನ, ಉಪ್ಪು ಹಚ್ಚಿ ಕಾಯಿಸಿದ ಎಂಟು ಬಂಗುಡೆ. ದೇಜಪ್ಪಣ್ಣ ಬಟ್ಟಲಿನ ಖಾಲಿ ನಡುಭಾಗವನ್ನೇ ನೋಡಿದರು.

"ಅನ್ನ ಒಂದು ಮುಷ್ಟಿ?"

"ಇಲ್ಲ ಮಾವ."

"ನಾಲ್ಕು ಅಗುಳು? ಮೀನಿಗೆ ಬೇಜಾರಾಗ್ತದೆ ಮಾರಾಯ್ತಿ."

"ಮೀನಿಗೆ ನಾನು ಹೇಳ್ತೇನೆ. ನೀವು ತಿನ್ನಿ."

ಒಳಗೆ ಬಾಗಿಲು ಹಾಕಿಕೊಂಡು ಲೋಲಾಕ್ಷಿ ಉಳಿದವರಿಗೆ ಕುಚ್ಚಲಕ್ಕಿ ಬೇಯಿಸಿದರು. ಅದರ ವಾಸನೆ ಬಾಗಿಲ ಸಂದಿಯಿಂದ ಬಂತು. ಅದನ್ನು ಹಿಡಿಯಲಿಕ್ಕೆ ದೇಜಪ್ಪಣ್ಣ ಫ್ಯಾನು ಬಂದ್ ಮಾಡಿಸಿ ಕೂತರು. ಸಂಜೆ ಕೋಳಿ ತಿಂದರು, ರಾತ್ರಿ ನೀರು ಕುಡಿದು ಮಲಗಿದರು. ಅಲ್ಲಿಯವರೆಗೆ ಎಲ್ಲವೂ ಚೀಟಿಯಲ್ಲಿದ್ದ ಹಾಗೆಯೇ ನಡೆಯಿತು.

ಬೆಳಿಗ್ಗೆ ಐದೂವರೆಗೆ ಪ್ರಫುಲ್ಲಾ ಬಚ್ಚಲಲ್ಲಿದ್ದಳು. ದಯಾನಂದ ರಿಕ್ಷಾ ತರಲು ಕೆಳಗೆ ಹೋಗಿದ್ದ. ಲೋಲಾಕ್ಷಿ ಸೊಸೆಯಾಗಿ ಬಂದ ದಿನದಿಂದ ಆ ಮನೆಯ ಹೊಸ್ತಿಲನ್ನು ಖಾಲಿ ಹೊಟ್ಟೆಯಲ್ಲಿ ಯಾರೂ ದಾಟಿದ್ದಿಲ್ಲ. ಒಮ್ಮೆ ದಯಾನಂದ ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಗೆ ಹೊರಟಾಗಲೂ ಗಂಜಿ ಕುಡಿಸಿಯೇ ಕಳಿಸಿದ್ದರು. ಅವನಿಗೆ ಸಕ್ಕರೆ ಕಾಯಿಲೆಯೆಂದು ರಿಪೋರ್ಟು ಬಂದು, ಮೂರು ತಿಂಗಳು ಸುಮ್ಮನೆ ಬೆಳಿಗ್ಗೆ ಬೆಳಿಗ್ಗೆ ನಡೆದಿದ್ದ.

ಚಪ್ಪಲಿ ಮೆಟ್ಟಿ ನಿಂತಿದ್ದ ಗಂಡನ ಮುಂದೆ ಅವರು ಚೊಂಬು ಹಿಡಿದರು. ಬಿಸಿ ಗಂಜಿ ತಿಳಿ, ಉಪ್ಪು, ಮೇಲೆ ತುಪ್ಪ.

"ಡಾಕ್ಟರು ಬೇಡ ಅಂದದ್ದಲ್ವಾ?"

"ಅನ್ನ ಬೇಡ ಅಂದದ್ದು. ಇದು ಊಟವಾ? ಊಟ ಅಂದರೆ ಬಟ್ಟಲು, ಉಪ್ಪಿನಕಾಯಿ, ಕೂತು ಉಣ್ಣುದು. ನಿಂತು ಕುಡಿದದ್ದು ಲೆಕ್ಕಕ್ಕಿಲ್ಲ. ಬೇಗ!"

ಎಂಆರ್‌ಐಯಲ್ಲಿ ಕಲಿಸಿದ ಹಾಗೆ ದೇಜಪ್ಪಣ್ಣ ಉಸಿರು ಕಟ್ಟಿದರು, ಚೊಂಬು ಖಾಲಿ ಮಾಡಿ ಉಸಿರು ಬಿಟ್ಟರು.

ಸ್ಕ್ಯಾನಿನ ಮರುದಿನ ಡಾಕ್ಟರು ಎಲ್ಲರನ್ನೂ ಕರೆದು ಫೋಟೋ ತೋರಿಸಿದರು. "ಯೇ ದೇಖಿಯೇ. ಇಡೀ ಹಾರ್ಟ್ ಗಣಪತಿ ಪೆಂಡಾಲಿನ ಹಾಗೆ ಉರೀತಾ ಉಂಟು. ಇದರಲ್ಲಿ ನಾನು ಎಂತ ನೋಡುದು? ಯಾರು ಕೊಟ್ಟದ್ದು ಅನ್ನ?"

ಯಾರೂ ಕೊಟ್ಟಿರಲಿಲ್ಲ. ಲೋಲಾಕ್ಷಿ ಗೋಡೆಯ ಕ್ಯಾಲೆಂಡರು ಓದುತ್ತಿದ್ದರು. ಹುಟ್ಟಿದಂದಿನಿಂದ ಬಾಯಿ ಮುಚ್ಚದ ದೇಜಪ್ಪಣ್ಣ ಅವತ್ತು ಮುಚ್ಚಿದರು.

ದಯಾನಂದ ಹೆಂಡತಿಯ ಕಡೆ ತಿರುಗಿದ. "ಮೀನಿಗೆ ರವೆ ಗಿವೆ..."

"ಎಂತ?"

"ಅಲ್ಲ, ಕೇಳಿದ್ದು."

"ಕೈಯ ಅಭ್ಯಾಸ ಅಲ್ವಾ," ಎಂದರು ಲೋಲಾಕ್ಷಿ ಕ್ಯಾಲೆಂಡರಿನಿಂದ ಕಣ್ಣು ತೆಗೆಯದೆ. "ದಿನಾ ಹಾಕುವ ಕೈ. ಗೊತ್ತಿಲ್ಲದೆ ಬಿದ್ದಿರ್ಬಹುದು."

ಪ್ರಫುಲ್ಲಾ ಅತ್ತೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದು ಹೋದಳು.

ಆ ಇಂಜೆಕ್ಷನ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಸ್ಕ್ಯಾನಿನ ದಿನವೇ ತಯಾರಾಗಿ ಬರಬೇಕು. ಮುಂದಿನ ಸರದಿ ಮೂರು ವಾರದ ನಂತರ. ಅಲ್ಲಿಯವರೆಗೆ ಗಲ್ಲೆ ಇಲ್ಲ, ಒಬ್ಬರೇ ಟ್ರೈನು ಹತ್ತುವಂತಿಲ್ಲ. ಬಚ್ಚಲಿನ ಚಿಲಕ ಹಾಕಬಾರದು, ಒಳಗಿನಿಂದ ಮಾತಾಡುತ್ತಲೇ ಇರಬೇಕು. ಈ ಕೊನೆಯದ್ದನ್ನು ದೇಜಪ್ಪಣ್ಣ ಶ್ರದ್ಧೆಯಿಂದ ಪಾಲಿಸಿದರು. ಬಚ್ಚಲಿನಿಂದ ಅವರು ಹೇಳಿದ ಕಥೆಗಳು ನಾಲ್ಕನೇ ಮಾಳಿಗೆಯವರಿಗೂ ಬಾಯಿಪಾಠವಾದವು.

ರವೆಯ ವಿಷಯ ಅವರಿಗಿಂತ ಬೇಗ ಓಡಿತು. ಅದೇ ಸಂಜೆ ಲೋಲಾಕ್ಷಿಯ ತಮ್ಮ, ಘಣಸೋಲಿಯ ತಾರಾನಾಥ ಫೋನು ಮಾಡಿ, "ಅಕ್ಕ, ಹುಡುಗಿ ರವೆ ಹಾಕಿದಳಂತಲ್ಲ!" ಎಂದ. ಭಾನುವಾರದೊಳಗೆ ಹನ್ನೊಂದು ಮನೆಗೆ ಮುಟ್ಟಿತು. ನೆಂಟರ ಮನೆಯ ಸೀಮಂತದ ಊಟದಲ್ಲಿ ಒಬ್ಬಳು ಪ್ರಫುಲ್ಲಾಳ ಎದುರಿಗೇ "ಮೀನಿಗೆ ರವೆ ಉಂಟಾ?" ಎಂದು ಕೇಳಿ ನಕ್ಕಳು.

ಮನೆಗೆ ಬಂದು ಪ್ರಫುಲ್ಲಾ ಕಾವಲಿಯನ್ನು ಅಟ್ಟದ ಮೇಲೆ ಇಟ್ಟಳು. "ಇನ್ನು ನಾನು ಮೀನು ಮುಟ್ಟುದಿಲ್ಲ."

"ನೀನು ಮುಟ್ಟದಿದ್ದರೆ ಯಾರು ಮುಟ್ಟುದು?" ಎಂದ ದಯಾನಂದ.

"ಕೇಳಿದೆಯಲ್ಲ ಅವತ್ತು, ರವೆ ಗಿವೆ ಅಂತ? ನೀನೇ ಮುಟ್ಟು."

ಎಂಟು ದಿನ ತೊಂಡೆಕಾಯಿ ಪಲ್ಯ ಮತ್ತು ತೊವ್ವೆ. ಮಾನಸಿ ತಾಯಿಯ ಪಕ್ಷ. "ಮಮ್ಮೀನೇ ರವಾ ಡಾಲಾ ಹೀ ನಹೀ. ಮೈನೇ ದೇಖಾ."

"ನೀನು ನೋಡಿದ್ದು ಮೊಬೈಲು," ಎಂದರು ಅಜ್ಜಿ.

ದೇಜಪ್ಪಣ್ಣನಿಗೆ ಸೊಸೆಯ ಮುಖ ನೋಡಲಾಗಲಿಲ್ಲ. ಹೆಂಡತಿಯ ಹೆಸರು ಹೇಳುವ ಧೈರ್ಯವೂ ಬರಲಿಲ್ಲ. ಆದ್ದರಿಂದ ತಪ್ಪನ್ನು ತಮ್ಮ ಮೇಲೆ ಎಳೆದುಕೊಳ್ಳಲು ಹೊರಟರು, ತಮ್ಮದೇ ದಾರಿಯಲ್ಲಿ. ಠಾಣೆ ಸ್ಟೇಷನ್ನಿನಲ್ಲಿ ಎರಡು ಬಟಾಟೆವಡೆ ತಿಂದೆನೆಂದು ಮಗನಿಗೆ ಹೇಳಿದರು.

"ನಾನು ನಿಮ್ಮ ಕೈ ಹಿಡಿದುಕೊಂಡೇ ಇದ್ದೆ ಅಪ್ಪ," ಎಂದ ದಯಾನಂದ.

ಸ್ಕ್ಯಾನಿನ ವಾಚ್‌ಮನ್ ಹುಟ್ಟುಹಬ್ಬದ ಜಿಲೇಬಿ ಕೊಟ್ಟನೆಂದು ತಾರಾನಾಥನಿಗೆ ಹೇಳಿದರು. ದೈವ ಕನಸಿನಲ್ಲಿ ಬಂದು ಪಂಚಕಜ್ಜಾಯ ಕೊಟ್ಟಿತೆಂದು ಸೊಸೆಗೆ ಹೇಳಿದರು.

"ಕನಸಿನ ಪಂಚಕಜ್ಜಾಯ ಸ್ಕ್ಯಾನಿನಲ್ಲಿ ಕಾಣುದಿಲ್ಲ ಮಾವ," ಎಂದು ಪ್ರಫುಲ್ಲಾ ತೊಂಡೆಕಾಯಿ ಹೆಚ್ಚುತ್ತಲೇ ಇದ್ದಳು.

ಯಾರೂ ಇಲ್ಲದಾಗ ಅವರು ಹೆಂಡತಿಯ ಹತ್ತಿರ ಬಂದರು. "ಹೇಳಿಬಿಡು ಲೋಲಾಕ್ಷಿ. ಆ ಹುಡುಗಿ ಸೊರಗಿ ಹೋಯ್ತು."

"ಹೇಳಿ ಎಂತ? ಹದಿನೈದು ವರ್ಷದಿಂದ ಅವಳಿಗೆ ಒಲೆ ಮುಂದೆ ಬುದ್ಧಿ ಹೇಳಿದವಳು ನಾನು. ಈಗ ಅವಳ ಕೈಯಲ್ಲಿ ಹೇಳಿಸಿಕೊಳ್ಳುದಾ? ನೀವು ಬಾಯಿ ಬಿಟ್ಟರೆ ನಾನು ಊರಿಗೆ ಬಸ್ಸು ಹತ್ತುದೇ."

ಹದಿನೈದನೇ ದಿನ ಬೆಳಿಗ್ಗೆ ಬಚ್ಚಲಿನ ಕಥೆ ಅರ್ಧಕ್ಕೆ ನಿಂತಿತು.

ಮೊದಲು ಓಡಿದವಳು ಪ್ರಫುಲ್ಲಾ. ಮಾವ ಬಕೆಟಿನ ಪಕ್ಕದಲ್ಲಿ ಗೋಡೆಗೆ ಒರಗಿ ಕುಸಿದಿದ್ದರು. ಬಾಯಿ ತೆರೆದೇ ಇತ್ತು, ಮಾತು ಇರಲಿಲ್ಲ. ಅವಳು ತಲೆಯನ್ನು ಮಡಿಲಿಗೆ ಎತ್ತಿಕೊಂಡು "ಮಾವ, ಮಾತಾಡಿ! ಮುಂದೆ ಎಂತಾಯ್ತು? ಹೇಳಿ!" ಎಂದು ಕೂಗಿದಳು. ಲೋಲಾಕ್ಷಿ ಕೈಯಲ್ಲಿ ಸೌಟು ಹಿಡಿದು ಬಾಗಿಲಲ್ಲಿ ನಿಂತವರು ನಿಂತೇ ಇದ್ದರು. ದೇಜಪ್ಪಣ್ಣ ಕಣ್ಣು ಬಿಡಲು ಒಂದು ನಿಮಿಷವಾಯಿತು. ಆ ನಿಮಿಷ ಎಷ್ಟು ಉದ್ದವಿತ್ತೆಂದರೆ ಅದನ್ನು ಹಿಗ್ಗಿಸಿ ಹೇಳಲು ಆಮೇಲೆ ಅವರಿಗೂ ಆಗಲಿಲ್ಲ.

ಡಾಕ್ಟರು ಅವರನ್ನು ಆಗಲೇ ಸೇರಿಸಿಕೊಂಡು, ಎದೆಗೆ ವಯರು ಅಂಟಿಸಿ ಮಲಗಿಸಿದರು. ಆಮೇಲೆ ಮನೆಯವರನ್ನು ಕರೆದರು.

"ಇನ್ನು ಕಾಯ್ಲಿಕ್ಕೆ ಆಗುದಿಲ್ಲ. ಹಿಂದಿನ ಸರ್ತಿ ಅನ್ನ, ಹಿಟ್ಟು ಏನೂ ಹೋಗಿಲ್ಲ ಅಂತ ನೀವು ಹೇಳ್ತೀರಿ. ರವೆ ಹಾಕಿಲ್ಲ ಅಂತ ಇವರು ಹೇಳ್ತಾರೆ. ಅಂಕಲ್ ವಡೆ, ಜಿಲೇಬಿ, ಕನಸು ಎಲ್ಲಾ ಹೇಳ್ತಾರೆ. ನಾನು ಹಾರ್ಟ್ ನೋಡುದಾ, ನಿಮ್ಮ ಪಂಚಾಯ್ತಿ ನೋಡುದಾ? ಪಥ್ಯ ಸರಿಯಾಗಿ ಮಾಡಿಯೂ ಹಾಗೆ ಬೆಳಗಿದ್ದರೆ ಇನ್ನೊಮ್ಮೆ ಫೋಟೋ ತೆಗೆದು ಪ್ರಯೋಜನ ಇಲ್ಲ. ಕುತ್ತಿಗೆಯ ನರದಿಂದ ತಂತಿ ಇಳಿಸಿ ಹಾರ್ಟಿನ ಒಂದು ಚೂರು ಕತ್ತರಿಸಿ ತೆಗೀಬೇಕು. ಅದರಲ್ಲಿ ಅಪಾಯ ಇಲ್ಲ ಅಂತ ನಾನು ಹೇಳುದಿಲ್ಲ. ಆಂಟಿ, ನೀವು ಹೆಂಡತಿ. ಇಲ್ಲಿ ಸಹಿ ಹಾಕಿ."

ಲೋಲಾಕ್ಷಿ ಪೆನ್ನು ಹಿಡಿದರು. ಅವರಿಗೆ ಸಹಿ ಎಂದರೆ ಪೂರ್ತಿ ಹೆಸರು, ಕನ್ನಡದಲ್ಲಿ, ಒಂದೊಂದಾಗಿ. 'ಲೋ' ಬರೆದರು. 'ಲಾ' ಬರೆದರು. ಪೆನ್ನು ನಿಂತಿತು.

"ಚೂರು ಅಂದರೆ ಎಷ್ಟು?"

"ಎಳ್ಳಿನಷ್ಟು. ನಾಲ್ಕೈದು ಕಡೆಯಿಂದ."

"ಜೀವ ಇರುವಾಗಲೇ?"

"ಮತ್ತೆ?"

ಲೋಲಾಕ್ಷಿ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದರು. "ಬೇಡ! ಅವರನ್ನು ಕತ್ತರಿಸುದು ಬೇಡ. ನಾನೇ ಕೊಟ್ಟದ್ದು. ಗಂಜಿ ತಿಳಿ. ಏನೀಗ? ಹೊಟ್ಟೆಗೆ ಏನೂ ಇಲ್ಲದೆ ಮನೆಯಿಂದ ಹೊರಗೆ ಹಾಕ್ಲಿಕ್ಕೆ ಅವರೇನು ನಾಯಿಯಾ?"

ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಗಂಜಿ ತಿಳಿ ಎಂದರೆ ಏನೆಂದು ಅವರಿಗೆ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

"ಎಷ್ಟು ಕೊಟ್ರಿ?"

"ಸ್ವಲ್ಪ."

"ಆಂಟಿ."

"ಒಂದು ಚೊಂಬು."

"ಅಗುಳು ಇತ್ತಾ?"

"ಇರ್ಲಿಲ್ಲ." ಲೋಲಾಕ್ಷಿ ಸೆರಗು ಎಳೆದುಕೊಂಡರು. "ಒಂದು ಸೌಟು ಇದ್ದಿರ್ಬಹುದು."

ಡಾಕ್ಟರು ಆ ಕಾಗದವನ್ನು ಹರಿದು ಕಸದ ಡಬ್ಬಿಗೆ ಹಾಕಿದರು. "ಶುಕ್ರವಾರ ಪುನಃ ಸ್ಕ್ಯಾನ್. ಇಲ್ಲಿ ಕ್ಯಾಂಟೀನಿನಲ್ಲಿ ಮೊಟ್ಟೆ ಮೀನು ಇಲ್ಲ. ಗುರುವಾರ ಊಟ ಮನೆಯಿಂದ ಬರ್ಲಿ. ಸಿರ್ಫ್ ಜೋ ಮೈನೇ ಬೋಲಾ ಹೈ ವೋ."

ಅತ್ತೆ ಸೊಸೆ ಇಬ್ಬರೇ ಮನೆಗೆ ಹೊರಟರು. ಠಾಣೆಯವರೆಗೆ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಎದುರುಬದುರು ಕೂತರು. ಕೋಪರ್‌ಖೈರಣೆ ಹೋಯಿತು, ಘಣಸೋಲಿ ಹೋಯಿತು. ಐರೋಲಿಯಲ್ಲಿ ಪ್ರಫುಲ್ಲಾ ಬಾಯಿ ಬಿಟ್ಟಳು.

"ಹದಿನೈದು ದಿವಸ, ಅತ್ತೆ."

"ಖಾಲಿ ಹೊಟ್ಟೆಯಲ್ಲಿ ಕಳಿಸುದು ಹೇಗೆ ಅಂತ..."

"ತಿಳಿ ಕೊಟ್ಟದ್ದು ನಾನು ಕೇಳ್ಲಿಲ್ಲ. ರವೆ ಅಂದದ್ದು ಯಾಕೆ?"

ಲೋಲಾಕ್ಷಿ ಕಿಟಕಿಯ ಹೊರಗೆ ನೋಡಿದರು. ಪಕ್ಕದ ಸೀಟಿನಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಗಸು, ಭಾಷೆ ಬರದಿದ್ದರೂ, ಕೈ ನಿಲ್ಲಿಸಿ ಕಾದಳು.

"ಗುರುವಾರ ಅಡಿಗೆ ನೀವೇ ಮಾಡಿ," ಎಂದಳು ಪ್ರಫುಲ್ಲಾ. "ಆಸ್ಪತ್ರೆಯಲ್ಲಿ ಅವರ ಹತ್ತಿರ ನೀವೇ ಉಳೀರಿ. ನಾನು ಬ್ಯಾಂಕಿಗೆ ಹೋಗ್ತೇನೆ. ತಪ್ಪಿದರೆ ಯಾರ ಮೇಲೂ ಹಾಕ್ಲಿಕ್ಕೆ ಆಗ್ಬಾರ್ದು."

"ನನ್ನ ಮೇಲೆ ಅಷ್ಟು ನಂಬಿಕೆಯಾ?"

"ಇಲ್ಲ. ಒಂದು ಚೂರೂ ಇಲ್ಲ. ಆದರೆ ಆ ಸಹಿ ಅರ್ಧಕ್ಕೆ ನಿಲ್ಲಿಸಿದವರು ನೀವು."

ಗುರುವಾರ ಲೋಲಾಕ್ಷಿ ಅಕ್ಕಿ ಡಬ್ಬವನ್ನು ಪಕ್ಕದ ಮನೆಗೆ ಕೊಟ್ಟು, ಕಾವಲಿಯನ್ನು ಮೂರು ಸಲ ತೊಳೆದು ಬಂಗುಡೆ ಕಾಯಿಸಿದರು. ಮೊಟ್ಟೆ, ತುಪ್ಪದ ಕೋಳಿ ಎಲ್ಲವನ್ನೂ ಹೊತ್ತು ಆಸ್ಪತ್ರೆಗೆ ಹೋದರು. ದೇಜಪ್ಪಣ್ಣ ತಿಂದರು, ಬೈದರು, ಮತ್ತೆ ತಿಂದರು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ವಾರ್ಡಿಗೆ ತಿಂಡಿಯ ಗಾಡಿ ಬಂತು. ಬಡಿಸುವವನು ಹಾಸಿಗೆಯ ನಂಬರು ನೋಡದೆ ದೇಜಪ್ಪಣ್ಣನ ಮುಂದೆ ಒಂದು ತಟ್ಟೆ ಉಪ್ಪಿಟ್ಟು ಇಟ್ಟು ಮುಂದೆ ಹೋದ. ಲೋಲಾಕ್ಷಿ ಬಾಯಿ ತೊಳೆದು ಬರುವಷ್ಟರಲ್ಲಿ ಚಮಚ ತುಟಿಯ ಹತ್ತಿರ ಇತ್ತು. ಅವರು ಹಾರಿ ಅದನ್ನು ಕಸಿದುಕೊಂಡರು. ಆ ಹಾರಾಟವನ್ನು ದೇಜಪ್ಪಣ್ಣ ಈಗ ಹತ್ತು ಅಡಿ ಎನ್ನುತ್ತಾರೆ, ವಾರ್ಡಿನಲ್ಲಿ ನೋಡಿದವರು ಹೆಚ್ಚೆಂದರೆ ಎರಡು ಎನ್ನುತ್ತಾರೆ.

"ಒಂದೇ ಚಮಚ ಮಾರಾಯ್ತಿ! ಕೈ ನಡುಗ್ತಾ ಉಂಟು."

"ನಡುಗ್ಲಿ."

"ನಾನು ಸತ್ತರೆ?"

"ಉಪ್ಪಿಟ್ಟು ತಿಂದು ಸಾಯುದು ಬೇಡ. ನೀರು ಕುಡೀರಿ."

ಅನ್ನ ತಿಂಡಿ ಎಸೆದು ಗೊತ್ತಿಲ್ಲದ ಕೈ. ತಟ್ಟೆ ಎಲ್ಲಿಡುವುದೆಂದು ತಿಳಿಯದೆ ಲೋಲಾಕ್ಷಿ ಗಂಡನ ಎದುರಿಗೇ ಅದನ್ನು ಗಬಗಬನೆ ತಿಂದು ಮುಗಿಸಿದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ನಿಂತು ತಿಂದದ್ದು ಲೆಕ್ಕಕ್ಕಿಲ್ಲ," ಎಂದರು ದೇಜಪ್ಪಣ್ಣ ಹಲ್ಲು ಕಚ್ಚಿ. "ಕೂತಾದ್ರೂ ತಿನ್ನು."

ಮಧ್ಯಾಹ್ನ ಡಾಕ್ಟರು ಫೋಟೋ ತೆರೆದಾಗ ಪ್ರಫುಲ್ಲಾ ಅರ್ಧ ರಜೆ ಹಾಕಿ ಬಂದಿದ್ದಳು. ಪರದೆಯ ಮೇಲೆ ಹೃದಯ ಕತ್ತಲಾಗಿತ್ತು. ಆ ಕತ್ತಲಲ್ಲಿ ಮೂರು ಕಡೆ ಮಾತ್ರ ಕೆಂಡದಂಥ ಬೆಳಕು. ಎದೆಯ ನಡುವೆ, ಹೃದಯದ ಹೊರಗೆ, ಇನ್ನೊಂದು ಸಣ್ಣ ಗಂಟೂ ಬೆಳಗುತ್ತಿತ್ತು.

"ಸಿಕ್ಕಿತು," ಎಂದರು ಡಾಕ್ಟರು ಕುರ್ಚಿ ಮುಂದೆ ಎಳೆದು. "ನನ್ನ ಡೌಟೇ ಹೆಚ್ಚುಕಮ್ಮಿ ಸರಿ. ಮೈಯೊಳಗೆ ಅಲ್ಲಲ್ಲಿ ಸಣ್ಣ ಗಂಟು ಕಟ್ಟುವ ಈ ಕಾಯಿಲೆಗೆ ಸಾರ್ಕಾಯ್ಡ್ ಅಂತ ಹೇಳುದು. ಈ ಒಂದು ಜಾಗ ನೋಡಿ, ಹಾರ್ಟಿನ ಕರೆಂಟಿನ ವಯರಿನ ಮೇಲೆಯೇ ಕೂತಿದೆ. ಅದಕ್ಕೇ ಅಂಕಲ್ ಬೀಳುದು. ಖಾತ್ರಿ ಮಾಡ್ಲಿಕ್ಕೆ ಹೊರಗಿನ ಈ ಗಂಟಿನಿಂದ ಚೂರು ತೆಗೆದರೆ ಸಾಕು, ಹಾರ್ಟ್ ಕತ್ತರಿಸುದು ಬೇಡ. ಆಮೇಲೆ ಮಾತ್ರೆ ಶುರು. ತಾಳ ತಪ್ಪಿದರೆ ಎಬ್ಬಿಸ್ಲಿಕ್ಕೆ ಚರ್ಮದ ಕೆಳಗೆ ಒಂದು ಸಣ್ಣ ಮಿಷನ್ ಇಡುವ."

"ಉಳೀತಾರಾ?" ಎಂದು ಕೇಳಿದಳು ಪ್ರಫುಲ್ಲಾ.

"ಎಲ್ಲಿ ಉಂಟು ಅಂತ ಗೊತ್ತಾಯ್ತಲ್ಲ. ಈಗ ಹಿಡೀಬಹುದು."

ಭಾನುವಾರ ಪ್ರಫುಲ್ಲಾ ಮಾರ್ಕೆಟಿನಿಂದ ತಾನೇ ಬಂಗುಡೆ ತಂದಳು. ಸಿಂಕಿನಲ್ಲಿ ಕತ್ತರಿಸಲು ಹೊರಟವಳು ಅತ್ತೆಯ ಮುಂದೆ ಫೋನು ಇಟ್ಟಳು. "ಹನ್ನೊಂದು ಮನೆ. ನೀವೇ ಹೇಳಿ."

"ಇವತ್ತೇ?"

"ಅನ್ನಕ್ಕೆ ಇಟ್ಟಿದ್ದೇನೆ. ಬೇಯುವಷ್ಟು ಹೊತ್ತು ಉಂಟು."

ಲೋಲಾಕ್ಷಿ ಹಲ್ಲು ಕಡಿಯುತ್ತಾ ಮೊದಲು ತಾರಾನಾಥನಿಗೆ ಹಚ್ಚಿದರು. "ಭಾವನ ಕಾಯಿಲೆ ಎಂತದ್ದೂಂತ ಸಿಕ್ಕಿತು ಮಾರಾಯ. ಹೌದು, ಒಳ್ಳೆದೇ ಆಯ್ತು. ಮತ್ತೆ ಕೇಳು, ಅವತ್ತು ರವೆ ಅಲ್ಲ. ನಾನು ಒಂದು ಚೊಂಬು ತಿಳಿ ಕೊಟ್ಟಿದ್ದೆ." ಎರಡನೇ ಮನೆಗೆ ಅದು ಅರ್ಧ ಚೊಂಬಾಯಿತು. ಮೂರನೇ ಮನೆಗೆ ಒಂದು ಲೋಟ. ನಾಲ್ಕನೆಯ ಮನೆಯ ಹೊತ್ತಿಗೆ ದನಿ ತಗ್ಗಿ, "ಎಂತ ಇಲ್ಲ, ಬಾಯಿ ಒಣಗಿತ್ತು ಅಂತ ಒಂದು ಚಮಚ..."

"ಚೊಂಬು, ಅತ್ತೆ!" ಅಡಿಗೆ ಮನೆಯಿಂದ ಕೂಗು ಬಂತು. ಕತ್ತಿಯ ಸದ್ದು ನಿಂತಿತ್ತು.

ಲೋಲಾಕ್ಷಿ ಕಣ್ಣು ಮುಚ್ಚಿ ಒಂದು ಉಸಿರು ಎಳೆದರು. "ಆಯ್ತು, ಚೊಂಬು," ಎಂದರು ಫೋನಿಗೆ, ಅಡಿಗೆ ಮನೆಗೂ ಕೇಳುವಷ್ಟು ಗಟ್ಟಿಯಾಗಿ. "ತುಂಬಿದ ಚೊಂಬು. ಅಗುಳೂ ಇತ್ತು. ಅವಳ ಮೇಲೆ ಹಾಕಿದ್ದು ನಾನೇ. ಬರೆದುಕೊಳ್ತೀಯಾ?"